ಹೆಬ್ಬೆಟ್ಟು ಬೀಳುವವರೆಗೆ

ಅಪ್ಪನ ಹೃದಯದ ಕವಾಟ ಬದಲಾಯಿಸಿ ಹತ್ತು ದಿನವಾಗಿತ್ತು. ತೊಡೆಯ ರಕ್ತನಾಳದಿಂದಲೇ ನಳಿಕೆ ತೂರಿಸಿ ಹೊಸದನ್ನು ಕೂರಿಸಿದ್ದರು. ಕವಾಟವೇನೋ ಚೆನ್ನಾಗಿತ್ತು. ಆದರೆ ಅದರ ಒತ್ತಡಕ್ಕೆ ಬಡಿತ ನಡುನಡುವೆ ನಿಲ್ಲಬಹುದೆಂದು ಎದೆಗೆ ಒಂದು ಪಟ್ಟಿ ಅಂಟಿಸಿ ಮನೆಗೆ ಕಳಿಸಿದ್ದರು. ಪ್ರತಿ ಬಡಿತವೂ ಆಸ್ಪತ್ರೆಗೆ ಗೊತ್ತಾಗುತ್ತಿತ್ತು. ಅಲ್ಲಿಂದ ಫೋನ್ ಬಂದರೆ ತಕ್ಷಣ ಹೊರಟು ಬನ್ನಿ ಎಂದಿದ್ದರು. ಬರೆಸಿದ್ದು ನನ್ನ ನಂಬರ್. ಬಿಂದುಗೆ ಜವಾಬ್ದಾರಿ ಇದೆ ಎಂದು ಅಪ್ಪನೇ ಹೇಳಿದ್ದರು.

ನನ್ನ ಜವಾಬ್ದಾರಿ ಎಂಥದೆಂದು ಕೇಳಿ.

ಊರಂಚಿನ ಶ್ರೀಗಂಧದ ಕಾವಲಿನಲ್ಲಿ ನಮ್ಮ ಹೊಲ ಲೇಔಟ್ ಆದಮೇಲೆ ಅಪ್ಪನ ಹೆಸರಿಗೆ ಒಂದು ಸೈಟ್ ಉಳಿದಿತ್ತು. ಗಂಡ ಬಿಟ್ಟ ನಾನು ವಿಜಯನಗರದಲ್ಲಿ ಬಾಡಿಗೆಗಿದ್ದೆ. ಸೈಟ್ ಮಗಳಿಗೇ ಎನ್ನುತ್ತಿದ್ದರು ಅಪ್ಪ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಟ್ಟರೆ ಸಾಕು ಎನ್ನುತ್ತಿದ್ದ ಅಣ್ಣ ಮೋಹನ್ ಕುಮಾರ್. ಪಿತ್ರಾರ್ಜಿತವಾದ್ದರಿಂದ ಅವನ ಒಪ್ಪಿಗೆಯೂ ಬೇಕಿತ್ತು. ಆರು ವರ್ಷ ಎಳೆದಾಡಿ, ಆಪರೇಷನ್ ನೋಡಿ ಮೆತ್ತಗಾಗಿ, ದಾನಪತ್ರಕ್ಕೆ ಸಾಕ್ಷಿ ಸಹಿ ಹಾಕಲು ಒಪ್ಪಿದ. ಅವನ ಮನಸ್ಸು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಇವತ್ತು ತಪ್ಪಿದರೆ ಮತ್ತೆ ಸಿಗುವವನಲ್ಲ.

ನೋಂದಣಿ ಕಚೇರಿಯಲ್ಲಿ ನಮ್ಮ ಮುಂದೆ ಇನ್ನು ಎರಡೇ ಟೋಕನ್ ಇದ್ದಾಗ, ಅಣ್ಣ ಆಚೆ ಕೌಂಟರ್ ಬಳಿ ನಿಂತಿದ್ದಾಗ ಫೋನ್ ಬಂತು. ಅಪ್ಪನ ಬಡಿತ ಆರು ಸೆಕೆಂಡ್ ನಿಂತಿತ್ತಂತೆ, ಪೇಸ್‌ಮೇಕರ್ ಹಾಕಬೇಕು, ಈಗಲೇ ಕರೆತನ್ನಿ ಎಂದಳು ನರ್ಸ್. ನಾನು ಗೋಡೆಯ ಕಡೆ ತಿರುಗಿ, ಒಂದು ಗಂಟೆ ಬಿಟ್ಟು ಬಂದರೆ ಆಗುತ್ತಾ ಎಂದು ಕೇಳಿದೆ.

"ಅವರಿಗೆ ಒಂದು ಗಂಟೆ ಟೈಮ್ ಇರುತ್ತೆ ಅಂತ ನಾನ್ ಹೇಳಕ್ಕಾಗಲ್ಲ ಮೇಡಂ."

ಯಾರದು ಎಂದರು ಅಪ್ಪ. ಗ್ಯಾಸ್‌ನವರು ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದೀತೆಂಬ ಭಯ ನನಗೆ. ಅದು ದುರಾಸೆಯೇ ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಕತ್ತಲೆ ಬರ್ತಿದೆ ಎಂದರು. ನೀರು ಕುಡಿಸಿದೆ.

ಟೋಕನ್ ಬಂತು. ಅಪ್ಪನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಮಣ್ಣಿನಲ್ಲಿ ದುಡಿದ ಕೈ, ಗೆರೆಗಳೆಲ್ಲ ಸವೆದಿದ್ದವು. ಒಂದು ಸಲ, ಎರಡು ಸಲ, ನಾಲ್ಕು ಸಲ. ಹಿಂದಿದ್ದವರು ಗೊಣಗತೊಡಗಿದರು. ಕೊನೆಗೆ ನಾನೇ ಸೆರಗಿನಿಂದ ಅವರ ಬೆರಳು ಒರೆಸಿ, ಗಾಜಿನ ಮೇಲಿಟ್ಟು, ಮೇಲಿನಿಂದ ನನ್ನ ಬೆರಳು ಒತ್ತಿ ಹಿಡಿದೆ. ಅವರ ಕೈ ತಣ್ಣಗಿತ್ತು. ಈ ಸಲ ಯಂತ್ರ ಒಪ್ಪಿತು.

"ಆಯ್ತಾ ಮಗಳೇ?" ಎಂದರು.

ಹೊರಗೆ ಮೆಟ್ಟಿಲ ಮೇಲೆ ಕುಸಿದರು. ಅಣ್ಣ ಎತ್ತಿಕೊಂಡೇ ಆಟೋಗೆ ಓಡಿದ. ಮಾಗಡಿ ರಸ್ತೆಯ ಟ್ರಾಫಿಕ್ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದು ಗಂಟೆಗೇ ಹೇಳಿದ್ದೆವಲ್ಲ, ಯಾಕಿಷ್ಟು ತಡ ಎಂದು ಡಾಕ್ಟರ್ ಕೇಳಿದರು. ಅಣ್ಣ ಅವರ ಮೇಲೇ ಹರಿಹಾಯ್ದ. ಸುಳ್ಳು ಹೇಳುತ್ತೀರಾ, ಅಪ್ಪನನ್ನು ಕೊಂದವರು ನೀವೇ ಎಂದು ಬಾಯಿಗೆ ಬಂದಂತೆ ಬೈದ.

"ನನ್ ತಂಗಿ ಫೋನ್ ಕೈಲೇ ಇತ್ತು. ಬಂದಿದ್ರೆ ಅವಳು ಸುಮ್ನೆ ಕೂರ್ತಿದ್ಲಾ?"

ಡಾಕ್ಟರ್ ನನ್ನತ್ತ ನೋಡಿದರು. ಒಂದೇ ಒಂದು ಸುಳ್ಳು ಸಾಕಿತ್ತು. ನನ್ನಿಂದ ಆಗಲಿಲ್ಲ.

"ಬಂದಿತ್ತು ಅಣ್ಣ. ಹೆಬ್ಬೆಟ್ಟು ಆಗ್ಲಿ ಅಂತ ಸುಮ್ನಿದ್ದೆ."

ಅವನು ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಡಾಕ್ಟರ್ ಕಡೆ ತಿರುಗಿ ಕೈ ಮುಗಿದು, ತಪ್ಪಾಯ್ತು ಸಾರ್, ಕ್ಷಮಿಸಿ ಎಂದ.