ಮೇಲೆ ಕೈಕೊಟ್ಟವನು ನಾನು

ನಾನು ಒಂದು ಎಂಜಿನ್. ಬಸ್ಸಿನದ್ದಲ್ಲ, ಪಂಪ್‌ಸೆಟ್ಟಿನದ್ದೂ ಅಲ್ಲ. ಬಟ್ಟೆಯ ರೆಕ್ಕೆ, ಅಲ್ಯೂಮಿನಿಯಂ ಕೊಳವೆ, ಹಿಂದೆ ಮುಂದೆ ಎರಡೇ ಸೀಟು ಇರುವ ಪುಟ್ಟ ವಿಮಾನವೊಂದರದು. ಹೆಸರು ಕೇಳಬೇಡಿ. ಹೇಳಿಕೊಳ್ಳುವ ಮುಖ ಎಲ್ಲಿದೆ ನನಗೆ?

ಹುಟ್ಟಿದ್ದು ಹಿಮ ಬೀಳುವ ದೇಶದ ಕಾರ್ಖಾನೆಯಲ್ಲಿ. ಹಡಗು ಹತ್ತಿ, ಲಾರಿ ಏರಿ ಬಂದು ಸೇರಿದ್ದು ಜಮಖಂಡಿ ಕಡೆಯ ಬಿಸಿಲಿಗೆ. ಸಕ್ಕರೆ ಕಾರ್ಖಾನೆಯೊಂದು ಬಿಟ್ಟುಹೋದ ರನ್‌ವೇಯಲ್ಲಿ ಪೊನ್ನಪ್ಪ ಎಂಬವರು ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾದವರು. ಅವರೇ ನನ್ನ ಮೊದಲ ಯಜಮಾನರು.

ಅವರ ಮೇಲೆ ನನಗೆ ವಿಪರೀತ ಸಿಟ್ಟಿತ್ತು. ಕಷ್ಟಪಟ್ಟು ಮೇಲಕ್ಕೆ ಹೊತ್ತುಕೊಂಡು ಹೋದರೆ, ಆ ಪುಣ್ಯಾತ್ಮರು ನಡುಗಾಳಿಯಲ್ಲಿ ನನ್ನ ಸ್ವಿಚ್ ಆರಿಸಿ, ತೇಲುತ್ತಾ ಬಂದು ಇಳಿಯುತ್ತಿದ್ದರು. "ಎಂಜಿನ್ ನಿಂತೇ ನಿಲ್ಲುತ್ತೆ ಅಂತ ತಿಳ್ಕೊಂಡು ಹಾರ್ಬೇಕು ಕಣ್ರೀ. ಇಳಿಯೋಕೆ ಯಾವ ಹೊಲ ಆಗುತ್ತೆ ಅಂತ ಕಣ್ಣು ಹುಡುಕ್ತಾನೇ ಇರ್ಬೇಕು" ಎಂದು ಶಿಷ್ಯರಿಗೆ ಹೇಳುತ್ತಿದ್ದರು. ನನ್ನ ಎದುರಿಗೇ! ದುಡಿಯುವವನ ಮುಖಕ್ಕೆ ಹೊಡೆದ ಹಾಗೆ ಆಗುತ್ತಿತ್ತು.

ವಯಸ್ಸಾಯಿತೆಂದು ಅವರು ವಿಮಾನವನ್ನು ಶಿಷ್ಯ ಗುರುಪಾದನಿಗೆ ಮಾರಿದರು. ಗುರುಪಾದನಿಗೆ ಊರಿನಲ್ಲಿ ಟೈರ್ ಅಂಗಡಿ ಇತ್ತು. ಅವನು ನನ್ನನ್ನು ಕರೆಯುತ್ತಿದ್ದುದೇ 'ರಾಜಾ' ಎಂದು. ಲೈಸೆನ್ಸ್ ಸಿಕ್ಕಿದ ಮೇಲೆ ಸ್ವಿಚ್ ಆರಿಸಿ ಇಳಿಯುವ ಅಭ್ಯಾಸವನ್ನೇ ಬಿಟ್ಟುಬಿಟ್ಟ. ಪೊನ್ನಪ್ಪ ಗದರಿದರೆ, "ನನ್ನ ರಾಜಾ ಎಂದಾದ್ರೂ ನಿಂತಾನೇನ್ರಿ ಸರ್? ಸುಮ್ನ ಯಾಕ ಅವನ ಬಾಯಿ ಮುಚ್ಚಸೂದು?" ಎನ್ನುತ್ತಿದ್ದ. ಆಹಾ, ನಾನು ಉಬ್ಬಿಹೋಗುತ್ತಿದ್ದೆ. ಹೊಗಳಿ ಅಟ್ಟಕ್ಕೇರಿಸಿದವರ ಮಾತು ಯಾರಿಗೆ ಬೇಡ ಹೇಳಿ?

ಆ ವರ್ಷದ ಆಯುಧಪೂಜೆಗೆ ಗುರುಪಾದ ನನ್ನನ್ನು ಉಜ್ಜಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿದ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ನನಗೆ ಮೂರು ಬೆರಳಿನ ಪಟ್ಟೆ ಎಳೆದ, ಪ್ರೊಪೆಲ್ಲರಿಗೆ ಎಳೆದ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಎಳೆದ. ಮುಚ್ಚಳದ ಮೇಲೆ ಸಾಸಿವೆ ಕಾಳಿನಷ್ಟು ತೂತಿದೆ. ಪೆಟ್ರೋಲ್ ಕೆಳಗಿಳಿದ ಹಾಗೆ ಟ್ಯಾಂಕಿಗೆ ಗಾಳಿ ಹೋಗುವುದು ಅಲ್ಲಿಂದಲೇ. ವಿಭೂತಿ ಒಣಗಿ ಆ ತೂತಿನಲ್ಲಿ ಗಾರೆಯಂತೆ ಕೂತುಬಿಟ್ಟಿತು. ಪೂಜೆ ಮಾಡಿದ್ದನ್ನು ಒರೆಸುವವರುಂಟೇ?

ಹಬ್ಬದ ಮರುದಿನ ಗುರುಪಾದ ತಂಗಿ ನೀಲಾಂಬಿಕಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡ. ಆಕೆ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್, ಹುಡುಗಿಯರಿಗೆ ಸರಿಸಮನಾಗಿ ಓಡುವವಳು. ಏರಿದೆವು. ಕೃಷ್ಣೆಯ ನೀರು ಕಂಡಿತು, ನೀಲಾ ಕೈ ತಟ್ಟಿ ನಕ್ಕಳು. ಆಗಲೇ, ಗಾಳಿ ಹೋಗದ ಟ್ಯಾಂಕಿನಿಂದ ನನಗೆ ಪೆಟ್ರೋಲ್ ಬರುವುದು ಕಡಿಮೆಯಾಯಿತು. ಕೆಮ್ಮಿದೆ. ನಿಂತುಹೋದೆ.

ನಿಂತದ್ದಷ್ಟೇ ಆಗಿದ್ದರೆ ನಾನು ಇಷ್ಟು ನಾಚುತ್ತಿರಲಿಲ್ಲ. ಕೆಳಗೆ ಹೆಸರುಕಾಳಿನ ಬೆಳೆ ಕಿತ್ತು ಹರಗಿಟ್ಟ ಖಾಲಿ ಹೊಲವಿತ್ತು, ಅಂಗೈಯಂತೆ ಸಮ. "ಅಣ್ಣಾ, ಆ ಹೊಲದಾಗ ಇಳಸು!" ಎಂದು ನೀಲಾ ಕೂಗಿದಳು. ಗುರುಪಾದ ಹೊಲ ನೋಡಲಿಲ್ಲ, ಸ್ಟಾರ್ಟರ್ ಒತ್ತಿದ. ನಾನು ಗುರ್ರೆಂದು ಹೊತ್ತಿಕೊಂಡು ಮತ್ತೆ ಸತ್ತೆ. "ಬಾ ನನ್ನ ರಾಜಾ, ಬಾರಪಾ!" ಮತ್ತೆ ಒತ್ತಿದ. ಮತ್ತೆ ಹೊತ್ತಿಕೊಂಡೆ, ಮತ್ತೆ ಸತ್ತೆ. ಒಮ್ಮೆಲೇ ಸುಮ್ಮನೆ ಸತ್ತಿದ್ದರೆ ಅವನು ನನ್ನ ಆಸೆ ಬಿಡುತ್ತಿದ್ದನೇನೋ. ಹಾಳಾದವನು ನಾನು, ಪ್ರತಿಸಲ ಆಸೆ ತೋರಿಸಿದೆ. ಹೊಲ ಹಿಂದೆ ಸರಿದುಹೋಯಿತು. ಮುಂದೆ ಇದ್ದದ್ದು ಆಳೆತ್ತರದ ಕಬ್ಬು. ಅದರೊಳಗೆ ನುಗ್ಗಿ ಮಗುಚಿಕೊಂಡೆವು.

ಗುರುಪಾದನಿಗೆ ತರಚು ಗಾಯ. ನೀಲಾಳ ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ರಾಡು ಹಾಕಿದರು. ಇನ್ನು ಓಡಲಾಗದು ಎಂದರು ಡಾಕ್ಟರು.

ಪೊನ್ನಪ್ಪ ಬಂದು ಮುಚ್ಚಳದ ವಿಭೂತಿಯನ್ನು ಉಗುರಿನಿಂದ ಕೆರೆದರು. "ಇದು ಹೋಗ್ಲಿ ಗುರುಪಾದ. ನಿಂತ್ಮೇಲೆ ಇಳೀಬಹುದಿತ್ತಲ್ಲ?"

"ಹತ್ತಿಕೊಳ್ಳಾಕತ್ತಿತ್ರಿ ಸರ್. ಇನ್ನೊಮ್ಮೆ ಒತ್ತಿದ್ರ ಆಗ್ತದ ಅನಸ್ತು..." ಗುರುಪಾದ ಮುಖ ಮುಚ್ಚಿಕೊಂಡು ಅತ್ತ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ವಿಮಾನ ರಿಪೇರಿಯಾಯಿತು, ಹೊಸ ಎಂಜಿನ್ ಬಂತು. ಒಳಗಿನ ದಂಡ ಸೊಟ್ಟಗಾದ ನಾನು ರನ್‌ವೇ ಪಕ್ಕದ ಶೆಡ್ಡಿನ ಮೂಲೆ ಸೇರಿದೆ. ಗುರುಪಾದ ಮಾತ್ರ ಆ ವಿಮಾನ ಹತ್ತಲೇ ಇಲ್ಲ. ತಂಗಿಯ ಮುಖ ನೋಡಿ ಮಾತಾಡುವುದನ್ನೂ ಬಿಟ್ಟಿದ್ದ.

ಒಂದು ದಿನ ನೀಲಾ ಕೋಲೂರಿಕೊಂಡು ಶೆಡ್ಡಿಗೆ ಬಂದಳು. "ಸರ್, ನನಗ ಕಲಸ್ರಿ" ಎಂದಳು ಪೊನ್ನಪ್ಪನವರಿಗೆ.

"ಹಾರೋದಾ? ಈ ಕಾಲಲ್ಲಾ?"

"ಹಾರೂದು ಯಾರ ಬೇಕಾದ್ರೂ ಹಾರ್ತಾರ್ರಿ. ಇಳಿಯೂದು ಕಲಸ್ರಿ."

ಕಲಿತಳು. ಮೇಲೆ ಹೊಸ ಎಂಜಿನ್ನಿನ ಸದ್ದು ನಿಂತಾಗಲೆಲ್ಲ ನಾನಿಲ್ಲಿ ಬೆವರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚಕ್ರಗಳು ನೆಲ ಮುಟ್ಟುತ್ತಿದ್ದವು, ಮೆಲ್ಲಗೆ.

ಲೈಸೆನ್ಸ್ ಕೈಗೆ ಬಂದ ದಿನ ಅವಳು ಶೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಗುರುಪಾದನ ಹತ್ತಿರ ಹೋದಳು. "ಅಣ್ಣಾ, ಬಾ. ಇವತ್ತ ನೀ ಹಿಂದ ಕೂಡು."

"ಬ್ಯಾಡವಾ ನೀಲಾ. ನನಗ ಅಂಜಿಕಿ ಬರ್ತದ."

"ನನಗೂ ಬರ್ತದ. ಬಾ."

ಹೋದರು. ಮೇಲೆ ಸದ್ದು ನಿಂತಿತು. ನಾನು ಕಿವಿಗೊಟ್ಟು ಕಾದೆ. ಬಹಳ ಹೊತ್ತು ಗಾಳಿ ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಚಕ್ರಗಳು ನೆಲ ಮುಟ್ಟಿದವು, ಮೆಲ್ಲಗೆ. ಅಂದು ಆ ಹೊಲದ ಮೇಲೆಯೂ ಅವರಿಗೆ ಇಳಿಯಲು ಇಷ್ಟು ಹೊತ್ತು ಇತ್ತು. ಆಸೆ ತೋರಿಸಿ ಅಷ್ಟನ್ನೂ ತಿಂದುಹಾಕಿದವನು ನಾನು.