ಕಾಲಿಗೆ ನೀರು

"ಅಲ್ಲೇ ನಿಂದ್ರು! ಆ ಕಾಲು ಒಳಗ ಇಟ್ಟಿ ಅಂದ್ರ ನೋಡು!"

ಶೇಖಮ್ಮ ಕೂಗಿದ್ದು ಮುಖ ನೋಡಿ ಅಲ್ಲ, ಕಾಲು ನೋಡಿ. ಶಹಾಪುರದ ಮೇನ್ ರೋಡಿನ ದೊಡ್ಡ ಮಾರ್ಟಿನಲ್ಲಿ ಆರು ವರ್ಷದಿಂದ ನೆಲ ಒರೆಸುತ್ತಿದ್ದ ಅವಳಿಗೆ ಗಿರಾಕಿಗಳ ಮುಖ ನೋಡುವ ರೂಢಿ ಎಂದೋ ತಪ್ಪಿಹೋಗಿತ್ತು. ಮುಖ ಏನು ಹೊಲಸು ಮಾಡುತ್ತದೆ? ಮಾಡುವುದೆಲ್ಲ ಕಾಲು. ಹೊಸ್ತಿಲಲ್ಲಿ ಕಾಲೆತ್ತಿದ್ದ ರೈತ ಹಿಂದೆ ಸರಿದ, ಹೊರಗಿಟ್ಟ ಬಕೆಟ್ಟಿನಿಂದ ಎರಡು ಮಗ್ಗು ನೀರು ಸುರುವಿಕೊಂಡ, ಏನೋ ಬೈದುಕೊಳ್ಳುತ್ತ ಒಳಗೆ ಹೋದ. ಅವನ ಹಿಂದೆಯೇ ಶೇಖಮ್ಮ ಕೋಲು ಹಿಡಿದು ಒರೆಸುತ್ತ ಹೋದಳು. ಬೈಗುಳ ಅವಳಿಗೂ ಕೇಳಿಸಿತ್ತು. ಅವಳೂ ಬೈದಳು, ಸ್ವಲ್ಪ ಜೋರಾಗಿಯೇ.

ಕ್ಯಾಲೆಂಡರ್ ನೋಡದೆ ನೆಲ ನೋಡಿಯೇ ಅವಳು ತಿಂಗಳು ಹೇಳುತ್ತಿದ್ದಳು. ಚಳಿಗಾಲದಲ್ಲಿ ಹತ್ತಿ ಬಿಡಿಸಿ ಬಂದವರ ಸೀರೆಯಿಂದ ಎಳೆ ಉದುರಿ ಒರೆಸುವ ಬಟ್ಟೆಗೆ ಸುತ್ತಿಕೊಳ್ಳುತ್ತಿತ್ತು. ಆಮೇಲೆ ಮೆಣಸಿನಕಾಯಿ ಸುಗ್ಗಿ. ಕಸ ಗುಡಿಸಿದರೆ ಸಾಲುಗಟ್ಟಿ ಸೀನು. ಬೇಸಿಗೆಯ ಧೂಳಂತೂ ಬೆಳಿಗ್ಗೆ ಒರೆಸಿದ ಸಾಬೂನಿನ ಕಪಾಟಿನ ಮೇಲೆ ಮಧ್ಯಾಹ್ನಕ್ಕೆಲ್ಲ ಹೆಸರು ಬರೆಯಬಹುದು ಅನ್ನುವಷ್ಟು. ಇವನ್ನೆಲ್ಲ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಮಳೆಗಾಲ ಬಂತೆಂದರೆ ಮಾತ್ರ ಮೈಯೆಲ್ಲ ಉರಿ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಹಳ್ಳಿಯ ಮಂದಿ ಗದ್ದೆಯಿಂದ ಎದ್ದವರೇ ಬಸ್ಸು ಹತ್ತಿ ಬರುತ್ತಿದ್ದರು, ಅರ್ಧ ಹೊಲವನ್ನು ಕಾಲಿಗೆ ಮೆತ್ತಿಕೊಂಡು. ಎರೆಯ ಕರಿ ಜಿಗುಟು ಮಣ್ಣನ್ನು ಹಸಿ ಇದ್ದಾಗ ಒರೆಸಬಾರದು. ಒರೆಸಿದಷ್ಟೂ ಹರಡುತ್ತದೆ. ಒಣಗಲು ಬಿಟ್ಟು ಕೆರೆದು ತೆಗೆಯಬೇಕು. ಇದು ಎರೆ ಹೊಲದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ಮ್ಯಾನೇಜರ್ ಸಂಜೀವಕುಮಾರನೊಬ್ಬನನ್ನು ಬಿಟ್ಟು.

ಅವನು ಬಂದು ಎರಡು ತಿಂಗಳಾಗಿತ್ತು. ಬಂದ ಹೊಸದರಲ್ಲೇ ಬಾಗಿಲೊಳಗೆ ಕೆಂಪು ಮ್ಯಾಟು ಹಾಸಿಸಿದ. ಅದರ ಮೇಲೆ 'ಸುಸ್ವಾಗತ' ಎಂದು ಬರೆದಿತ್ತು. ಮ್ಯಾಟು ಕೊಳೆಯಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಆ ಹಾಳೆಯನ್ನು ಒರೆಸುವ ಕೆಲಸವೂ ಶೇಖಮ್ಮನಿಗೇ ಬಿತ್ತು.

"ಸರ್, ಬಾಗಲ್ದಾಗ ಎರಡು ಗೋಣಿಚೀಲ ಹಾಸ್ರಿ. ಮಂದಿ ಕಾಲ್ ಒರ್ಸಿಕೊಂಡು ಬರ್ತಾರ," ಎಂದಿದ್ದಳು ಒಮ್ಮೆ.

"ಇದೇನು ದನದ ಕೊಟ್ಟಿಗಿ ಅನ್ಕೊಂಡಿಯೇನು? ಇವತ್ತು ಗೋಣಿಚೀಲ ಹಾಸಿದ್ರ ನಾಳಿ ಮೇವೂ ಹಾಕ್ರಿ ಅಂತಿ," ಎಂದು ಅವನು ನಕ್ಕ. ಬಿಲ್ಲು ಹಾಕುವ ಹುಡುಗಿಯರೂ ನಕ್ಕರು.

ಒಂದು ದಿನ ಮಾಲೀಕರು ಬಂದಾಗ ಎಣ್ಣೆ ಡಬ್ಬಿಗಳ ಸಾಲಿನಲ್ಲಿ ನಾಲ್ಕು ಕರಿ ಹೆಜ್ಜೆ ಮೂಡಿದ್ದವು. ಅಂದು ಸಂಜೆಯೇ ಶೇಖಮ್ಮನ ಜೊತೆ ಒರೆಸುತ್ತಿದ್ದ ಚಂದ್ರಕಲಾಳನ್ನು ಮನೆಗೆ ಕಳಿಸಿದರು. ಮರುದಿನ ಸಂಜೀವಕುಮಾರ ಬಕೆಟ್ಟೊಂದನ್ನು ಬಾಗಿಲ ಹೊರಗಿಡಿಸಿದ.

"ನೀ ನೆಲ ಒರ್ಸಿದ ನೀರು ಚೆಲ್ಲಬ್ಯಾಡ, ಇದ್ರಾಗ ಹಾಕು. ಹೊಲಸು ಕಾಲಿಗಿ ಹೊಸ ನೀರು ಯಾಕ ಬೇಕು? ಇನ್ನ ಮ್ಯಾಲ ಬಾಗಲ ನಿಂದೇ. ಒಳಗ ಒಂದು ಹೆಜ್ಜಿ ಕಂಡ್ರ ಚಂದ್ರಕಲಾ ಹೋದ ದಾರಿ ನಿಂದೂ."

ಸುಳ್ಳೇಕೆ ಹೇಳಬೇಕು, ಶೇಖಮ್ಮನಿಗೆ ಆ ಬಾಗಿಲು ಹಿಡಿಸಿತು. ಆರು ವರ್ಷ ಬಗ್ಗಿ ಬಗ್ಗಿ ಯಾವ ಕಾಲುಗಳ ಕೆಸರು ಒರೆಸಿದ್ದಳೋ ಅವನ್ನು ಈಗ ನೆಟ್ಟಗೆ ನಿಂತು ತಡೆಯಬಹುದಿತ್ತು. ತಡೆದಳು. ಮುದುಕರನ್ನು ತಡೆದಳು, ಕೂಸು ಎತ್ತಿಕೊಂಡವರನ್ನು ತಡೆದಳು. ಕಾರಿನಿಂದ ಇಳಿದ ಬೂಟುಗಳನ್ನು ಮಾತ್ರ ತಡೆಯಲಿಲ್ಲ. ಅವುಗಳ ಕೆಸರನ್ನು ಮಾತಿಲ್ಲದೆ ಒರೆಸಿದಳು.

ಈ ಸಿಟ್ಟಿನ ಕೆಳಗೆ ಅವಳಿಗೊಂದು ಹೆದರಿಕೆಯಿತ್ತು. ಒಬ್ಬಳೇ ಮಗಳು ದೇವಿಕಾಳನ್ನು ಶಿರವಾಳದ ಆಚೆಯ ಹೊಲದ ಮನೆಗೆ ಕೊಟ್ಟಿದ್ದಳು. ಅಳಿಯ ತಿರುಪತಿ ಕಡೇಚೂರಿನ ಫ್ಯಾಕ್ಟರಿಯಲ್ಲಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಡಾಂಬರು ರಸ್ತೆಯಿಂದ ಆ ಮನೆಗೆ ಅರ್ಧ ಮೈಲಿ ಎರೆಯ ದಾರಿ. ಹೋದ ಮಳೆಗಾಲದಲ್ಲಿ ದೇವಿಕಾಳ ಮೊದಲ ಬಸಿರು ಆ ದಾರಿಯಲ್ಲೇ ಹೋಗಿತ್ತು. ಆಂಬುಲೆನ್ಸು ಡಾಂಬರಿನ ಮೇಲೆ ನಿಂತು ಕೂಗುತ್ತಲೇ ಇತ್ತಂತೆ. ಈಗ ಮತ್ತೆ ಏಳು ತಿಂಗಳು, ಮತ್ತೆ ಅದೇ ಮಳೆ. ಬರುವ ಸೋಮವಾರ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಮಗಳನ್ನು ಶಹಾಪುರಕ್ಕೆ ಕರೆತರಬೇಕು; ದವಾಖಾನೆ ಶೇಖಮ್ಮನ ಮನೆಯಿಂದ ಎರಡೇ ಓಣಿ. ಇದಕ್ಕೆ ಬೀಗತಿ, ದೇವಿಕಾಳ ಅತ್ತೆ ಮಲ್ಲಾಬಾಯಿ ಒಪ್ಪಬೇಕಿತ್ತು. ಒಲ್ಲೆ ಒಲ್ಲೆ ಅನ್ನುತ್ತಲೇ ಒಪ್ಪಿದ್ದಳು.

ಆ ಗುರುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಶೇಖಮ್ಮ ಹದಿನಾಲ್ಕನೇ ಸಲ ಒರೆಸಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ಸಂಜೀವಕುಮಾರ ಅವಳ ಬೆನ್ನ ಹಿಂದೆಯೇ ಫೋನು ಹಿಡಿದು ನಿಂತಿದ್ದ. ಆಗ ಹೊಸ್ತಿಲಿಗೆ ಎರಡು ಕಾಲು ಬಂದವು. ಮೀನಖಂಡದವರೆಗೆ ಕರಿ ಕೆಸರು, ಬೆರಳ ಸಂದಿಯಲ್ಲಿ ಭತ್ತದ ಸಸಿಯ ಎಳೆ.

"ಏ ಯವ್ವಾ, ಕಣ್ಣು ಕಾಣ್ತಾವಿಲ್ಲೇನು? ಹೊರಗ ನಿಂದ್ರು! ಬಕೀಟ್ನಾಗ ನೀರದ, ತೊಳ್ಕೊ. ಎಲ್ಲಿಂದ ಬರ್ತಾವೋ ದನಾ ಬಂದಂಗ!"

ಕಾಲು ಅಲ್ಲಾಡಲಿಲ್ಲ. ಶೇಖಮ್ಮ ತಲೆಯೆತ್ತಿದಳು. ಮಲ್ಲಾಬಾಯಿ.

"ದೇವಿಕಾಗ ಶಕ್ತಿ ಬರಲಿ ಅಂತ ನರ್ಸಮ್ಮ ಡಬ್ಬಿ ಪುಡಿ ಹಾಲಾಗ ಕುಡಸಂದಾಳ," ಎಂದಳು ಮಲ್ಲಾಬಾಯಿ, ನಿಧಾನವಾಗಿ. "ಇಲ್ಲಿ ಸಿಗ್ತದಂದ್ರು. ನಾಟಿ ಬಿಟ್ಟು ಹಂಗೇ ಬಂದೀನಿ."

"ಯಾರಿಕಿ? ನಿಮ್ಮವರೇನು?" ಹಿಂದಿನಿಂದ ಸಂಜೀವಕುಮಾರ ಕೇಳಿದ.

ಇಲ್ಲಿಯವರೆಗೆ ಆದದ್ದು ಬರಿಯ ತಪ್ಪು. ನೋಡದೆ ಆಡಿದ ಮಾತಿಗೆ ಯಾರಾದರೂ ಕ್ಷಮೆ ಕೊಟ್ಟಾರು. ಆದರೆ ಶೇಖಮ್ಮನ ಕಣ್ಣ ಮುಂದೆ ಚಂದ್ರಕಲಾ ಚೀಲ ತೂಗುಹಾಕುತ್ತಿದ್ದ ಖಾಲಿ ಗೂಟ ಬಂತು, ಮೇಲೆ ಮಿಣುಕುವ ಕ್ಯಾಮೆರಾ ಬಂತು.

"ಅಲ್ರಿ ಸರ್. ಯಾರೋ ಹಳ್ಳಿಯವ್ರು."

ಮಲ್ಲಾಬಾಯಿ ಬಕೆಟ್ಟಿನ ಕಡೆ ನೋಡಿದಳು. ಬೂದು ಬಣ್ಣದ ನೀರು, ಫಿನಾಯಿಲ್ ವಾಸನೆ, ಮೇಲೆ ತೇಲುವ ಕೂದಲು. ಶೇಖಮ್ಮ ತನ್ನ ಮನೆಗೆ ಬಂದಾಗೆಲ್ಲ ತಂಬಿಗೆ ತುಂಬ ನೀರು ತಂದು, ಎರಡೂ ಕೈಯಲ್ಲಿ ಹಿಡಿದು, ಕಾಲಿಗೆ ಕೊಟ್ಟವಳು ಅವಳು. ಮಲ್ಲಾಬಾಯಿ ತಿರುಗಿ ಮಳೆಯೊಳಗೆ ಇಳಿದಳು. ಹೊಸ್ತಿಲ ಮೇಲೆ ಎರಡು ಹೆಜ್ಜೆ ಉಳಿದವು. ಶೇಖಮ್ಮ ಅವನ್ನು ಒರೆಸಿದಳು. ಹಸಿ ಇದ್ದವು, ಹರಡಿಕೊಂಡವು.

ಶುಕ್ರವಾರ ದೇವಿಕಾ ಫೋನು ಮಾಡಿದಳು. "ಯವ್ವಾ, ಏನ್ ಮಾಡ್ದಿ ನೀ? ಕುಬಸಾ ನಾವೇ ಮಾಡ್ಕೋತೀವಿ, ಯಾರೋ ಹಳ್ಳಿಯವ್ರ ಮನಿಗಿ ಅಕಿ ಯಾಕ ಬರ್ತಾಳ ಅನ್ಲಾಕತ್ಯಾಳ ಅತ್ತಿ. ಬಾಣಂತನಾನೂ ಇಲ್ಲೇ ಅಂತ."

"ನಿಮ್ಮತ್ತಿಗಿ ಒಂದು ಕಾಲ್ ತೊಳ್ಕೊಳಾಕ ಏನಾಗಿತ್ತು?" ಶೇಖಮ್ಮ ಹರಿಹಾಯ್ದಳು. ಆ ಕಡೆ ಮಗಳು ಅಳತೊಡಗಿದಳು. ಅಳು ಕೇಳಿದ ಮೇಲೆ ಶೇಖಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಫೋನು ಇಟ್ಟಳು.

ಸೋಮವಾರ ರಜೆ ಕೇಳಿದರೆ ಸಂಜೀವಕುಮಾರ ತಲೆಯೆತ್ತಲೂ ಇಲ್ಲ. "ಮಳಿ ನೋಡಿದಿಯೇನು? ಇವತ್ತು ಹೋದ್ರ ನಾಳಿ ಬರಬ್ಯಾಡ."

ಶೇಖಮ್ಮ ಕಪಾಟಿನಿಂದ ಒಂದು ಡಬ್ಬಿ ಪುಡಿ ತೆಗೆದು ಬಿಲ್ಲು ಹಾಕಿಸಿದಳು. ಒರೆಸುವ ಕೋಲನ್ನು ತಂದು ಅವನ ಮೇಜಿಗೆ ಒರಗಿಸಿದಳು. ಅದರಿಂದ ನೀರು ಅವನ ಕಾಗದಗಳ ಮೇಲೆ ತೊಟ್ಟಿಕ್ಕಿತು. "ನಿಮ್ಮ ಬಾಗಲ ನೀವೇ ಕಾಯ್ರಿ," ಎಂದಳು.

ಆಟೋದ ಜಲಾಲುದ್ದೀನನಿಗೆ ಡಾಂಬರಿನ ಮೇಲೆ ಕಾಯಲು ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಎರೆಯ ದಾರಿಗಿಳಿದಳು. ಒಂದೊಂದು ಹೆಜ್ಜೆಗೂ ಕಾಲು ಭಾರವಾಯಿತು. ಹೊಲದ ಮನೆಯ ಅಂಗಳ ಮುಟ್ಟುವಾಗ ಮೊಣಕಾಲವರೆಗೆ ಕೆಸರು. ಒಳಗೆ ಕುಬಸ ಮುಗಿದಿತ್ತು. ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ದೇವಿಕಾ ಮಣೆಯ ಮೇಲೆ ಕೂತಿದ್ದಳು. ತಾಯಿ ತರಬೇಕಾಗಿದ್ದ ಸೀರೆಯನ್ನು ಅತ್ತೆಯೇ ತಂದಿದ್ದಳು. ಸುತ್ತ ಕೂತ ನಾಲ್ಕೈದು ಹೆಂಗಸರು ಹಾಡು ನಿಲ್ಲಿಸಿದರು.

ಮಲ್ಲಾಬಾಯಿ ಬಾಗಿಲಿಗೆ ಬಂದಳು. ಮುಖ ನೋಡಲಿಲ್ಲ, ಕಾಲು ನೋಡಿದಳು.

"ಅಲ್ಲೇ ನಿಂದ್ರು."

ಶೇಖಮ್ಮ ನಿಂತಳು. ತಂಬಿಗೆ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಸಣ್ಣ ಮಳೆ ಬೀಳುತ್ತಲೇ ಇತ್ತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

"ತಪ್ಪಾತು ಯಕ್ಕಾ."

"ಯಾರೋ ಹಳ್ಳಿಯವ್ರಿಗಿ ಯಾಕ ತಪ್ಪಾತು ಅಂತಿ?"

"ನೌಕರಿ ಹೋಗ್ತದಂತ ಅಂಜಿ ಅಂದೀನಿ."

"ನೌಕರಿ ಸಲುವಾಗಿ ಬೀಗತಿ ಅಲ್ಲ ಅಂದಿ. ನಾಳಿ ಅದ್ರ ಸಲುವಾಗಿ ಮಗಳೂ ಅಲ್ಲ ಅಂತಿ. ನಿನ್ನ ಕೈಯಾಗ ಇಕಿನ್ನ ಹೆಂಗ ಕೊಡ್ಲಿ?" ಮಲ್ಲಾಬಾಯಿ ಎರೆಯ ದಾರಿಯ ಕಡೆ ಕೈ ತೋರಿಸಿದಳು. "ಹೋದ ವರ್ಷ ಆ ದಾರ್ಯಾಗ ಇಕಿನ್ನ ಬೆನ್ನ ಮ್ಯಾಲ ಹೊತ್ತಾಕಿ ನಾ. ರಕ್ತ ನನ್ನ ಸೀರಿ ಮ್ಯಾಲ ಹರೀತು. ನೀ ಎಲ್ಲಿದ್ದಿ ಅವತ್ತು? ನೆಲ ಒರ್ಸಾಕತ್ತಿದ್ದಿ."

ಶೇಖಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಿಜವಾಗಿತ್ತು. ಅಂದು ಅವಳಿಗೆ ಸುದ್ದಿ ಮುಟ್ಟಿದ್ದು ಕೆಲಸ ಮುಗಿದ ಮೇಲೆ.

"ಅತ್ತಿ," ಎಂದಳು ದೇವಿಕಾ ಒಳಗಿನಿಂದ. ಮಣೆಯಿಂದ ಎದ್ದು ಗೋಡೆ ಹಿಡಿದು ನಿಂತಿದ್ದಳು. "ನಂಗ ಈ ದಾರಿ ಅಂದ್ರ ಅಂಜಿಕಿ ಆಗ್ತದ. ನಾ ಹೋಗ್ತೀನಿ."

ಮಲ್ಲಾಬಾಯಿ ಸೊಸೆಯ ಹೊಟ್ಟೆಯನ್ನು ನೋಡಿದಳು, ಬಾಗಿಲಾಚೆಯ ಮಳೆಯನ್ನು ನೋಡಿದಳು. ಒಳಗೆ ಹೋಗಿ ಬಟ್ಟೆಯ ಚೀಲ ತಂದಳು. ಕಟ್ಟೆಯ ಮೇಲಿನ ಡಬ್ಬಿಯನ್ನು ಅದಕ್ಕೇ ತುರುಕಿ ತಲೆಯ ಮೇಲಿಟ್ಟುಕೊಂಡಳು. "ನಡಿ. ನಿಮ್ಮವ್ವನ ಸಲುವಾಗಿ ಅಲ್ಲ, ಹೊಟ್ಟ್ಯಾಗಿಂದ್ರ ಸಲುವಾಗಿ."

ಬಲಗೈ ಅತ್ತೆ ಹಿಡಿದಳು, ಎಡಗೈ ತಾಯಿ ಹಿಡಿದಳು. ಅರ್ಧ ಮೈಲಿ ಹೋಗಲು ಒಂದು ತಾಸು ಹಿಡಿಯಿತು. ಹೋದ ವರ್ಷ ಬಸಿರು ಹೋದ ಜಾಗದ ಜಾಲಿ ಗಿಡದ ಹತ್ತಿರ ದೇವಿಕಾ ನಿಂತುಬಿಟ್ಟಳು. "ಮುಂದ ನೋಡು," ಎಂದಳು ಮಲ್ಲಾಬಾಯಿ. ಜಾರುವ ಕಡೆ ಇಬ್ಬರು ಹೆಂಗಸರೂ ಒಟ್ಟಿಗೆ ಕಾಲೂರಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಂಬರು ಮುಟ್ಟಿದರು. ಜಲಾಲುದ್ದೀನ ಆಟೋದಿಂದ ಹೊರಗೆ ಬಗ್ಗಿ ನೋಡಿದ.

"ಏ ಅಮ್ಮಾ, ಕಾಲ್ ತೊಳ್ಕೊಂಡು ಹತ್ರಿ! ಮೊನ್ನೇನೇ ಹೊಸಾ ಮ್ಯಾಟ್ ಹಾಕ್ಸೀನಿ. ಎಲ್ಲಾ ಹೊಲಸಾಗ್ತದ."

ಮಲ್ಲಾಬಾಯಿ ತಿರುಗಿ, ಆ ದಿನ ಮೊದಲ ಬಾರಿಗೆ, ಶೇಖಮ್ಮನ ಮುಖವನ್ನು ನೆಟ್ಟಗೆ ನೋಡಿದಳು.

ಶೇಖಮ್ಮನ ಚೀಲದಲ್ಲಿ ಕುಡಿಯುವ ನೀರಿನ ದೊಡ್ಡ ಬಾಟಲಿಯಿತ್ತು. ಮಗಳನ್ನು ಸೀಟಿನ ಅಂಚಿಗೆ ಕೂಡಿಸಿ, ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಲು ಹಿಡಿದು ತೊಳೆದಳು. ಬೆರಳ ಸಂದಿಯ ಮಣ್ಣನ್ನು ಉಗುರಿನಿಂದ ತೆಗೆದಳು. ಅರ್ಧ ಬಾಟಲಿ ಉಳಿಯಿತು. ತನ್ನ ಕಾಲಿಗೆ ಸುರುವಿಕೊಳ್ಳಲು ಹೊರಟಾಗ ಅವಳ ಮುಂದೆ ಇನ್ನೊಂದು ಕಾಲು ಬಂದು ನಿಂತಿತು. ಮೀನಖಂಡದವರೆಗೆ ಕರಿ ಕೆಸರು.

"ನಂದೂ ತೊಳಿ," ಎಂದಳು ಮಲ್ಲಾಬಾಯಿ.

ಶೇಖಮ್ಮ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಮ್ಮಡಿ ಒಡೆದಿತ್ತು, ಬಿರುಕಿನೊಳಗೆ ಮಣ್ಣು ಸೇರಿತ್ತು. ನೀರು ಸುರುವಿ ತಿಕ್ಕಿದಳು, ಮತ್ತೆ ಸುರುವಿದಳು. ಇನ್ನೊಂದು ಕಾಲನ್ನೂ ತೊಳೆದಳು. ಸೆರಗಿನಿಂದ ಒರೆಸಿದಳು. ಬಾಟಲಿ ಖಾಲಿಯಾಯಿತು. ಅವಳ ಸ್ವಂತ ಕಾಲು ಹಾಗೇ ಉಳಿದವು.

"ಹತ್ತು ಯಕ್ಕಾ," ಎಂದು ಆಟೋದೊಳಗೆ ಸರಿದು ಜಾಗ ಮಾಡಲು ಮಗಳಿಗೆ ಸನ್ನೆ ಮಾಡಿದಳು.

ಮಲ್ಲಾಬಾಯಿ ತಲೆಯ ಮೇಲಿನ ಚೀಲ ಇಳಿಸಿ ದೇವಿಕಾಳ ಮಡಿಲಲ್ಲಿಟ್ಟಳು. ಸೊಸೆಯ ಗಲ್ಲ ಒಮ್ಮೆ ಮುಟ್ಟಿದಳು. ಆಮೇಲೆ ತಿರುಗಿ, ತೊಳೆದ ಕಾಲನ್ನು ಎರೆಯ ಕೆಸರೊಳಗೆ ಇಟ್ಟು, ಮನೆಯ ಕಡೆ ನಡೆದಳು.