ಗೋಡೆಯಾಚೆಯ ಕಿರುಚಾಟ

ಪಾರ್ಕಿನವರು ಹಳೇ ಜೈಂಟ್ ವೀಲನ್ನು ಕಿತ್ತು, ಜನರನ್ನು ಮೇಲಕ್ಕೊಯ್ದು ಧೊಪ್ಪೆಂದು ಕೆಳಗೆ ಬಿಡುವ ಗೋಪುರ ನಿಲ್ಲಿಸಿದ ಮೇಲೆ ಹಿಂದಿನ ಬೀದಿಗೆ ದಿನವಿಡೀ ಕಿರುಚಾಟವೇ ಆಯಿತು. ಮೊದಮೊದಲು ಟೈಲರಮ್ಮ ಪ್ರತಿ ಕೂಗಿಗೂ ಹೊಲಿಗೆ ಬಿಟ್ಟು ಹೊರಗೆ ಓಡುತ್ತಿದ್ದಳು. ಬೀದಿಯವರೆಲ್ಲ ಹೋಗಿ ಜಗಳಕ್ಕೆ ನಿಂತರೆ ಮ್ಯಾನೇಜರ್ ನಗುತ್ತ, "ನಾಲ್ಕು ದಿನ ಹೋದ್ರೆ ನಿಮಗೇ ಅಭ್ಯಾಸ ಆಗತ್ತೆ ಬಿಡಿ," ಎಂದ. ಅವನ ಬಾಯಿಗೆ ಮಣ್ಣು ಬೀಳ, ಅವನು ಹೇಳಿದ ಹಾಗೇ ಆಯಿತು.

ಆ ಮಧ್ಯಾಹ್ನ ಕೂಗು ಕೇಳಿದಾಗ ಅವಳು ಮಿಷನ್ನಿನಿಂದ ತಲೆ ಎತ್ತಲಿಲ್ಲ. ರವಿಕೆಗೆ ಎರಡೂ ತೋಳು ಕೂಡಿಸಿ, ಸಾವಕಾಶವಾಗಿ ನೀರು ಕುಡಿಯಲು ಒಳಗೆ ಹೋದರೆ, ಅತ್ತೆ ಬಚ್ಚಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದರು.

"ಅಷ್ಟು ಕೂಗಿದ್ನಲ್ಲೇ, ಕೇಳಿಸ್ಲಿಲ್ವಾ?"

"ಕೇಳಿಸ್ತು ಅತ್ತೆ."

ಆ ಭಾರೀ ಮೈಯನ್ನು ಒಬ್ಬಳೇ ಎತ್ತಲಾಗಲಿಲ್ಲ. ಹಿತ್ತಲ ಬಾಗಿಲಿಗೆ ಬಂದು ಗಂಟಲು ಹರಿಯುವಂತೆ ಕಿರುಚಿದಳು. ಅಂದು ಅವಳ ಜೊತೆಯಲ್ಲೇ ಜಗಳಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ತನ್ನ ಹಿತ್ತಲಲ್ಲಿ ಇತ್ತ ಬೆನ್ನು ಹಾಕಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಇದ್ದಳು.